ಕುಂಡ ಹಗುರ, ಮಣ್ಣು ಭಾರ: ತಾರಸಿಗೆ ದೊಡ್ಡ ಫೈಬರ್ ಕುಂಡ ಕೊಳ್ಳುವ ಮೊದಲು

ಅಂಗಡಿಯವರು ಸೊಂಟದೆತ್ತರದ ಕುಂಡವನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸುತ್ತಾರೆ. ನೋಡಲು ಕಲ್ಲಿನ ಹಾಗಿರುತ್ತದೆ, ಎತ್ತಿದರೆ ಬೆತ್ತದ ಬುಟ್ಟಿಯ ಹಾಗೆ. ಅಷ್ಟು ಹೊತ್ತಿಗೆ ನಮ್ಮ ಮನಸ್ಸು ಅರ್ಧ ಒಪ್ಪಿಬಿಟ್ಟಿರುತ್ತದೆ. ಗಾಜಿನ ನಾರಿಗೆ ರೆಸಿನ್ ಎಂಬ ಗಟ್ಟಿಯಾಗುವ ಅಂಟು ಬಳಿದು ಮಾಡುವ ಈ ಫೈಬರ್ ಕುಂಡವನ್ನು ನಾನು ಮೊದಲ ಸಲ ಕೊಂಡಿದ್ದು ಹೀಗೆಯೇ. ಬೆಂಗಳೂರಿನಲ್ಲಿ ನಮ್ಮದು ಲಿಫ್ಟ್ ಇಲ್ಲದ ಕಟ್ಟಡ, ಮೂರನೇ ಮಹಡಿಯ ಮೇಲೆ ತಾರಸಿ. ಅದಕ್ಕೂ ಮೊದಲು ಒಂದು ಸಿಮೆಂಟ್ ಕುಂಡವನ್ನು ಇಬ್ಬರು ಹೊತ್ತು ತರುವಾಗ ಮೆಟ್ಟಿಲಿನ ಅಂಚು ಕಿತ್ತುಹೋಗಿತ್ತು. ಹಾಗಾಗಿ ಹಗುರ ಅಂದ ಕೂಡಲೇ ಬೇರೇನೂ ಕೇಳದೆ ದುಡ್ಡು ಕೊಟ್ಟೆ.

ಆ ಕುಂಡದ ತಳದಲ್ಲಿ ತೂತೇ ಇರಲಿಲ್ಲ. ಒಳಗೆ ಬರೀ ಕೆಮ್ಮಣ್ಣು ತುಂಬಿಸಿ ನಿಂಬೆ ಗಿಡ ನೆಟ್ಟೆ. ಜುಲೈ ಮಳೆಗೆ ನೀರು ನಿಂತು ಬೇರು ಕೊಳೆಯಿತು. ಗಿಡ ತೆಗೆಯೋಣ ಎಂದರೆ ನಾಲ್ಕು ಜನ ಸೇರಿದರೂ ಕುಂಡ ಅಲುಗಲಿಲ್ಲ. ಮುಂದೆ ಓದುವುದೆಲ್ಲ ಆ ಗಿಡ ಹೋದ ಮೇಲೆ ನಾನು ಕಲಿತದ್ದು.

ಮೊದಲು ತೂಕದ ಲೆಕ್ಕ

ಎರಡು ಅಡಿ ಅಗಲ, ಎರಡು ಅಡಿ ಎತ್ತರದ ನೇರ ಗೋಡೆಯ ದುಂಡು ಕುಂಡವನ್ನು ತೆಗೆದುಕೊಳ್ಳಿ. ನೀರು ಹಾಕಲು ಮೇಲೆ ಎರಡು ಇಂಚು ಬಿಟ್ಟರೆ ಸುಮಾರು 165 ಲೀಟರ್ ಮಣ್ಣು ಹಿಡಿಯುತ್ತದೆ. ಫೈಬರಿನಲ್ಲಿ ಈ ಅಳತೆಯ ಕುಂಡದ ಗೋಡೆ 4 ಮಿಲಿಮೀಟರ್ ದಪ್ಪ ಇದ್ದರೆ ಕುಂಡದ ತೂಕ 8ರಿಂದ 10 ಕಿಲೋ. ಅದನ್ನೇ ಒಂದೂವರೆ ಇಂಚು ದಪ್ಪದ ಸಿಮೆಂಟಿನಲ್ಲಿ ಮಾಡಿದರೆ 100 ಕಿಲೋ ದಾಟುತ್ತದೆ. ಸುಟ್ಟ ಮಣ್ಣಿನದಾದರೆ 50 ಕಿಲೋ ಆಸುಪಾಸು.

ಈಗ ಒಳಗೆ ಏನು ಹೋಗುತ್ತದೆ ನೋಡಿ. ನೀರು ಕುಡಿದ ಕೆಮ್ಮಣ್ಣು ಒಂದು ಲೀಟರಿಗೆ ಒಂದೂವರೆ ಕಿಲೋಗಿಂತ ಜಾಸ್ತಿ ತೂಗುತ್ತದೆ. 165 ಲೀಟರ್ ಅಂದರೆ 250ರಿಂದ 280 ಕಿಲೋ! ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್ ಜಾಸ್ತಿ ಇರುವ ಮಿಶ್ರಣವಾದರೆ ಅದೇ ಜಾಗಕ್ಕೆ ಸುಮಾರು 150 ಕಿಲೋ. ಫೈಬರ್ ಕುಂಡಕ್ಕೆ ಕೆಮ್ಮಣ್ಣು ತುಂಬಿಸಿದರೆ, ಹಗುರದ ಕುಂಡಕ್ಕೆಂದು ಕೊಟ್ಟ ದುಡ್ಡಿನ ಮುಕ್ಕಾಲು ಪಾಲು ಹೋದ ಹಾಗೆ. ಹೊತ್ತು ತರುವವರೆಗೆ ಮಾತ್ರ ಅದು ಹಗುರ.

ಮನೆಯ ತಾರಸಿಗಳನ್ನು ಎಷ್ಟು ಭಾರಕ್ಕೆ ಕಟ್ಟುತ್ತಾರೆ ಗೊತ್ತಾ? ಭಾರತೀಯ ಮಾನಕದ ಪ್ರಕಾರ (ಐಎಸ್ 875, ಎರಡನೇ ಭಾಗ) ಜನ ಓಡಾಡುವ ತಾರಸಿಗೆ ಒಂದು ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ ಭಾರದ ಲೆಕ್ಕ ಹಿಡಿಯುತ್ತಾರೆ. ಸಿಮೆಂಟ್ ಕುಂಡ, ಅದರ ತುಂಬ ಕೆಮ್ಮಣ್ಣು, ಇಂಥ ಎಂಟು ಕುಂಡ ಒಂದೇ ಮೂಲೆಯಲ್ಲಿ ಸಾಲಾಗಿ ಇಟ್ಟರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಹಾಗಾಗಿ ದೊಡ್ಡ ಕುಂಡವನ್ನು ಛಾವಣಿಯ ನಟ್ಟನಡುವೆ ಇಡಬೇಡಿ. ಕೆಳಗೆ ಗೋಡೆ ಅಥವಾ ಬೀಮ್ ಎಲ್ಲಿ ಹಾದುಹೋಗಿದೆ ನೋಡಿ, ಅದರ ಮೇಲೆ ಇಡಿ. ಒಂದಕ್ಕೊಂದು ಅಂಟಿಸದೆ ನಡುವೆ ಜಾಗ ಬಿಡಿ. ಹೊರಚಾಚಿದ ಬಾಲ್ಕನಿಯಾದರೆ ಭಾರದ ಕುಂಡ ಮನೆಯ ಗೋಡೆಯ ಕಡೆ ಇರಲಿ, ಕಂಬಿಯ ಕಡೆ ಬೇಡ. ತುದಿಗೆ ಹೋದಷ್ಟೂ ಅದೇ ಭಾರ ಬುಡವನ್ನು ಜಾಸ್ತಿ ಎಳೆಯುತ್ತದೆ. ಕಟ್ಟಡ ಹಳೆಯದಾಗಿದ್ದರೆ, ಛಾವಣಿಯಲ್ಲಿ ಬಿರುಕು ಅಥವಾ ತೇವ ಇದ್ದರೆ ಒಬ್ಬ ಇಂಜಿನಿಯರಿಗೆ ತೋರಿಸಿಯೇ ಮುಂದುವರಿಯಿರಿ. ಈ ಒಂದು ಮಾತಿನಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ.

ಬೇರೆ ಕುಂಡಗಳ ಪಕ್ಕ ಇಟ್ಟು ನೋಡಿದರೆ

ಗಿಡಕ್ಕೆ ಅತಿ ಹಿತವಾದದ್ದು ಮಣ್ಣಿನ ಕುಂಡ. ಇದರಲ್ಲಿ ನನಗೆ ಅನುಮಾನವಿಲ್ಲ. ಮಡಕೆಯ ನೀರು ಯಾಕೆ ತಂಪಾಗಿರುತ್ತದೋ ಅದೇ ಕಾರಣಕ್ಕೆ ಮಣ್ಣಿನ ಕುಂಡದ ಒಳಗೂ ತಂಪು. ಗೋಡೆಯಿಂದ ನೀರು ಆವಿಯಾಗುತ್ತದೆ, ಬೇರಿಗೆ ಗಾಳಿಯೂ ಸಿಗುತ್ತದೆ. ಒಂದು ದಿನ ನೀರು ಜಾಸ್ತಿ ಹಾಕಿದರೂ ಗಿಡ ತಡೆದುಕೊಳ್ಳುತ್ತದೆ. ಹತ್ತು-ಹನ್ನೆರಡು ಇಂಚಿನವರೆಗೆ ನಾನು ಬೇರೆ ಯಾವುದನ್ನೂ ಕೊಳ್ಳುವುದಿಲ್ಲ. ಬೆಂಗಳೂರಿನವರಾದರೆ ಒಮ್ಮೆ ಪಾಟರಿ ಟೌನ್‌ಗೆ ಹೋಗಿ ಬನ್ನಿ, ಕುಂಬಾರರ ಕೈಯಿಂದಲೇ ಕೊಳ್ಳಬಹುದು. ಆದರೆ ಎರಡು ಅಡಿಯ ಮಣ್ಣಿನ ಕುಂಡ ಸಿಗುವುದು ಕಷ್ಟ. ಸಿಕ್ಕರೂ ಸಾಗಿಸುವಾಗ ಒಡೆಯುವ ಭಯ. ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು ಕೇಳುತ್ತದೆ. ನಾಲ್ಕು ದಿನ ಊರಿಗೆ ಹೋಗಿ ಬರುವವರಿಗೆ ಅದು ಆಗದ ಮಾತು.

ಸಿಮೆಂಟ್ ಕುಂಡ ಅಗ್ಗ, ಗಟ್ಟಿ, ಗಾಳಿಗೆ ಬೀಳುವುದಿಲ್ಲ. ನೆಲದ ಮೇಲಿನ ಅಂಗಳಕ್ಕೆ, ಗೇಟಿನ ಎರಡು ಬದಿಗೆ ಅದೇ ಸರಿ. ಹೊಸ ಸಿಮೆಂಟಿನ ಸುಣ್ಣದ ಅಂಶ ಮಣ್ಣಿಗೆ ಇಳಿಯುತ್ತದೆ. ಕೊಂಡು ತಂದ ಮೇಲೆ ಒಂದು ವಾರ ನೀರು ತುಂಬಿಸಿಟ್ಟು, ದಿನಾ ಬದಲಿಸಿ, ಆಮೇಲೆ ಗಿಡ ಹಾಕಿ. ಹುಳಿ ಮಣ್ಣು ಬಯಸುವ ಗಿಡಗಳಿಗೆ ಅಷ್ಟು ಒಳ್ಳೆಯದಲ್ಲ. ಮೇಲಿನ ಮಹಡಿಗಂತೂ ಬೇಡವೇ ಬೇಡ.

ಪ್ಲಾಸ್ಟಿಕ್ಕಿನಲ್ಲಿ ಎರಡು ಜಾತಿ. ತೆಳ್ಳನೆಯದು ಎರಡು-ಮೂರು ಬೇಸಿಗೆಗೆ ಅಂಚಿನಿಂದ ಹಪ್ಪಳದ ಹಾಗೆ ಮುರಿಯುತ್ತದೆ. ನೀರಿನ ಟ್ಯಾಂಕ್ ಮಾಡುವ ಹಾಗೆ ಅಚ್ಚನ್ನು ತಿರುಗಿಸಿ ಮಾಡಿದ ದಪ್ಪ ಗೋಡೆಯ ಕುಂಡಗಳು ಹಾಗಲ್ಲ. ಫೈಬರಿಗೆ ನಿಜವಾದ ಪೈಪೋಟಿ ಇವುಗಳದ್ದೇ. ಫೈಬರಿಗಿಂತಲೂ ಹಗುರ, ಕೆಳಗೆ ಬಿದ್ದರೆ ಒಡೆಯುವುದಿಲ್ಲ, ಮಕ್ಕಳು ಚೆಂಡಾಡುವ ಜಾಗಕ್ಕೆ ಹೇಳಿ ಮಾಡಿಸಿದ್ದು. ಆದರೆ ಒಮ್ಮೆ ಸೀಳಿದರೆ ರಿಪೇರಿ ಕಷ್ಟ. ತುಂಬ ದೊಡ್ಡ ಅಳತೆಯಲ್ಲಿ ಮಣ್ಣಿನ ಒತ್ತಡಕ್ಕೆ ಹೊಟ್ಟೆ ಉಬ್ಬುತ್ತದೆ.

ಬರೀ ತರಕಾರಿ ಬೆಳೆಯುವವರಿಗೆ ನನ್ನ ನೇರ ಸಲಹೆ: ಫೈಬರ್ ಬೇಡ. ಟೊಮೇಟೊ, ಬದನೆ, ಬೆಂಡೆಗೆ ಗ್ರೋ ಬ್ಯಾಗ್ ಸಾಕು. ಪಪ್ಪಾಯಿ, ನುಗ್ಗೆಗೆ ನೀಲಿ ಡ್ರಮ್ ಅರ್ಧ ಕತ್ತರಿಸಿ ಇಡಿ. ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ಮಾತ್ರ ಕೇಳದೆ ಕೊಳ್ಳಬೇಡಿ. ರಾಸಾಯನಿಕ ಇದ್ದದ್ದು ಅಂದರೆ ಎಷ್ಟೇ ಅಗ್ಗವಾದರೂ ಬಿಡಿ.

ಹಾಗಾದರೆ ಫೈಬರ್ ಯಾರಿಗೆ? ಹತ್ತು ವರ್ಷ ಒಂದೇ ಜಾಗದಲ್ಲಿ ಇರುವ ದೊಡ್ಡ ಗಿಡಕ್ಕೆ. ದೇವಕಣಗಿಲೆ, ನಿಂಬೆ, ಕರಿಬೇವು, ಕಾಗದದ ಹೂವಿನ ಗಿಡ ಇಂಥವಕ್ಕೆ. ಮಹಡಿಯ ಮೇಲೆ, ಬಾಗಿಲ ಎದುರು, ಕಣ್ಣಿಗೆ ಬೀಳುವ ಕಡೆ. ನೀರು ಹೀರುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಉಪ್ಪುಗಾಳಿಗೆ ಜಗ್ಗುವುದಿಲ್ಲ. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಲ್ಪೆಯಲ್ಲಿ ಕಡಲಿಗೆ ಇಳಿಯುವ ಫೈಬರ್ ದೋಣಿಯೂ ಈ ಕುಂಡವೂ ಒಂದೇ ವಸ್ತು: ಗಾಜಿನ ನಾರಿನ ಚಾಪೆ, ಅದರ ಮೇಲೆ ರೆಸಿನ್, ಪದರದ ಮೇಲೆ ಪದರ. ಬೆಲೆ ಮಾತ್ರ ಸಿಮೆಂಟಿಗಿಂತ ಬಹಳ ಜಾಸ್ತಿ, ಆದ್ದರಿಂದಲೇ ನೋಡಿ ಕೊಳ್ಳಬೇಕು.

ಅಂಗಡಿಯಲ್ಲಿ ಏನು ನೋಡಬೇಕು

ನಮ್ಮ ಕಡೆ ಕೆಲವು ಅಂಗಡಿಗಳಲ್ಲಿ ಹೊಳೆಯುವ ಪ್ಲಾಸ್ಟಿಕ್ಕನ್ನೂ ಫೈಬರ್ ಅಂತಲೇ ಕರೆಯುತ್ತಾರೆ. ಗುರುತಿಸುವುದು ಸುಲಭ. ಕುಂಡದ ಒಳಗೆ ಕೈಯಾಡಿಸಿ. ನಿಜವಾದ ಫೈಬರ್ ಹೊರಗೆ ನುಣುಪು, ಒಳಗೆ ಒರಟು. ಹುಲ್ಲು ಚೆಲ್ಲಿದ ಹಾಗೆ ನಾರಿನ ಗುರುತು ಕಾಣುತ್ತದೆ. ಎರಡೂ ಕಡೆ ಒಂದೇ ಥರ ನುಣುಪಾಗಿದ್ದರೆ ಅದು ಪ್ಲಾಸ್ಟಿಕ್ ಆಗಿರುವ ಸಾಧ್ಯತೆಯೇ ಜಾಸ್ತಿ. ಕೈಗೆ ನಾರಿನ ಚೂರು ಚುಚ್ಚಿ ತುರಿಸಿದರೆ ರೆಸಿನ್ ಸರಿಯಾಗಿ ಬಳಿದಿಲ್ಲ ಎಂದರ್ಥ. ಅದನ್ನು ಬಿಟ್ಟು ಇನ್ನೊಂದು ನೋಡಿ.

ಬೆರಳಿನಿಂದ ಸುತ್ತಲೂ ತಟ್ಟುತ್ತ ಬನ್ನಿ. ಎಲ್ಲ ಕಡೆ ಒಂದೇ ಸದ್ದು ಬರಬೇಕು. ಒಂದು ಕಡೆ ಮಾತ್ರ ಪೊಳ್ಳು ಸದ್ದು ಬಂದರೆ ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಬಿಳಿ, ಕೆನೆ ಬಣ್ಣದ ಕುಂಡವಾದರೆ ಬಿಸಿಲಿಗೆ ಹಿಡಿದು ಒಳಗಿನಿಂದ ನೋಡಿ. ತೆಳುವಾದ ಕಡೆ ಬೆಳಕು ಹಾಯುತ್ತದೆ. ಗೋಡೆಯ ನಡುವೆ ಅಂಗೈಯಿಂದ ಒತ್ತಿ ನೋಡಿ, ತಗಡಿನ ಡಬ್ಬದ ಹಾಗೆ ಒಳಗೆ ಹೊರಗೆ ಆದರೆ ಬೇಡ.

ಬಣ್ಣದ ವಿಷಯ ಕೇಳಲೇಬೇಕು. ಒಳ್ಳೆಯ ಕುಂಡದಲ್ಲಿ ಬಣ್ಣ ಜೆಲ್‌ಕೋಟ್ ಎಂಬ ಹೊರಪದರದಲ್ಲೇ ಬೆರೆತಿರುತ್ತದೆ. ಅಗ್ಗದ್ದರಲ್ಲಿ ಮೇಲೆ ಪೇಂಟ್ ಹೊಡೆದಿರುತ್ತಾರೆ. ತಳದ ಅಂಚಿನಲ್ಲಿ ನಾಣ್ಯದಿಂದ ಸ್ವಲ್ಪ ಗೀರಲು ಬಿಡುತ್ತಾರಾ ಕೇಳಿ. ಗೀರಿದ ಮೇಲೂ ಅದೇ ಬಣ್ಣ ಇದ್ದರೆ ನಿಶ್ಚಿಂತೆ. ಗಾಢ ಬಣ್ಣ ನೋಡಲು ಚೆಂದ, ಆದರೆ ಪಡುವಣ ಬಿಸಿಲು ಬೀಳುವ ಗೋಡೆಯ ಹತ್ತಿರ ಕಪ್ಪು ಕುಂಡ ಕಾದ ಬಾಣಲೆಯಾಗುತ್ತದೆ. ಫೈಬರ್ ಬಿಸಿ ತಡೆಯುತ್ತದೆ ಎಂದು ಮಾರುವವರು ಹೇಳುವುದುಂಟು. ನಾಲ್ಕು ಮಿಲಿಮೀಟರ್ ಗೋಡೆ ಎಷ್ಟು ತಡೆದೀತು? ರಾಯಚೂರು, ಕಲಬುರಗಿ ಕಡೆಯವರು ತಿಳಿ ಬಣ್ಣವನ್ನೇ ಕೊಳ್ಳಿ.

ಇನ್ನು ಆಕಾರ. ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು, ಹಿತ್ತಾಳೆ ಬಿಂದಿಗೆಯಂಥ ಕುಂಡಗಳು ಎಲ್ಲರ ಕಣ್ಣನ್ನೂ ಸೆಳೆಯುತ್ತವೆ. ಅದರಲ್ಲಿ ಕಟ್ಟಿದ ಬೇರಿನ ಮುದ್ದೆ ಆ ಬಾಯಿಯಿಂದ ಹೊರಗೆ ಬರುವುದಿಲ್ಲ. ನಾಲ್ಕು ವರ್ಷದ ನಂತರ ಗಿಡ ಬೇಕಾ ಕುಂಡ ಬೇಕಾ ಎಂದು ಒಂದನ್ನು ಆರಿಸಬೇಕಾಗುತ್ತದೆ. ನಮ್ಮ ಮನೆಯ ಸಂಪಿಗೆ ಗಿಡ ಉಳಿಸಲು ಕುಂಡವನ್ನೇ ಕೊಯ್ಯಿಸಿದೆ. ಬಾಯಿ ಅಗಲ, ಬುಡ ಸ್ವಲ್ಪ ಕಿರಿದಾದ ಆಕಾರ ಯಾವಾಗಲೂ ಒಳ್ಳೆಯದು. ಹಾಗೆ ಅಂತ ತೀರಾ ಎತ್ತರ, ತೀರಾ ಸಪೂರ ಬೇಡ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಮೊದಲು ಮಗುಚುವುದು ಅದೇ. ಮೂರು ಅಡಿಗಿಂತ ಉದ್ದದ ತೊಟ್ಟಿಯಾಕಾರದ ಕುಂಡ ಕೊಳ್ಳುವುದಾದರೆ ಬಾಯಿಯ ಅಂಚು ಒಳಗೆ ಮಡಚಿದೆಯಾ, ನಡುವೆ ಅಡ್ಡಪಟ್ಟಿ ಇದೆಯಾ ನೋಡಿ. ಇಲ್ಲದಿದ್ದರೆ ಒದ್ದೆ ಮಣ್ಣು ಎರಡೂ ಗೋಡೆಯನ್ನು ಹೊರಗೆ ತಳ್ಳುತ್ತದೆ.

ತೂತು ಕೊರೆಯುವುದು, ತುಂಬಿಸುವುದು

ಒಳಾಂಗಣ ಅಲಂಕಾರಕ್ಕೆಂದು ಮಾಡಿದ ಫೈಬರ್ ಕುಂಡಗಳಿಗೆ ತೂತು ಇರುವುದಿಲ್ಲ. ನೀವೇ ಕೊರೆಯಬಹುದು. ಮಾಮೂಲಿ ಡ್ರಿಲ್ ಸಾಕು, ಗೋಡೆಗೆ ಬಳಸುವ ಸುತ್ತಿಗೆ ಏಟಿನ ಮೋಡ್ ಮಾತ್ರ ಆಫ್ ಆಗಿರಲಿ. ಆ ಏಟಿಗೆ ಜೆಲ್‌ಕೋಟ್ ಸಿಡಿಯುತ್ತದೆ. ಕುಂಡವನ್ನು ಬೋರಲು ಹಾಕಿ, ಕೊರೆಯುವ ಜಾಗಕ್ಕೆ ಟೇಪ್ ಅಂಟಿಸಿ, ಹೊರಗಿನಿಂದ ಸಣ್ಣ ತೂತು ಮಾಡಿ ಆಮೇಲೆ ಒಂದು ಇಂಚಿಗೆ ದೊಡ್ಡದು ಮಾಡಿ. ಎರಡು ಅಡಿಯ ಕುಂಡಕ್ಕೆ ಇಂಥ ನಾಲ್ಕೈದು ತೂತು ಬೇಕು. ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಕಡ್ಡಾಯ. ಆ ಧೂಳು ಗಾಜಿನದು, ಮೈಗೆ ತಾಗಿದರೆ ತುರಿಕೆ, ಉಸಿರಿಗೆ ಹೋದರೆ ಇನ್ನೂ ಕೆಟ್ಟದ್ದು. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಪೊರಕೆಯಿಂದ ಗುಡಿಸಬೇಡಿ.

ತಳಕ್ಕೆ ಜಲ್ಲಿಕಲ್ಲು ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು. ನೀರು ಚೆನ್ನಾಗಿ ಇಳಿಯಲಿ ಎಂದು ಹಾಕುತ್ತೇವೆ. ಅದರಿಂದ ಆಗುವುದು ಉಲ್ಟಾ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ, ಹಿಂಡದೆ, ಅಡ್ಡ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಮಣ್ಣಿನದೂ ಅದೇ ಗುಣ. ಎಷ್ಟೇ ತೂತಿದ್ದರೂ ತಳದ ಒಂದಷ್ಟು ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ಮಣ್ಣಿನ ಎತ್ತರ ಜಾಸ್ತಿ ಇದ್ದಷ್ಟೂ ಆ ಒದ್ದೆ ಭಾಗ ಬೇರಿನಿಂದ ದೂರ. ಜಲ್ಲಿ ಹಾಕಿದರೆ ಒದ್ದೆ ಭಾಗವನ್ನು ಮೇಲಕ್ಕೆ, ಬೇರಿನ ಹತ್ತಿರಕ್ಕೆ ತಂದ ಹಾಗೆ. ತೂಕವೂ ಸುಮ್ನೆ ಏರುತ್ತದೆ. ತೂತಿನ ಮೇಲೆ ಸೊಳ್ಳೆ ಪರದೆಯ ತುಂಡು ಹಾಸಿ, ನೇರವಾಗಿ ಮಿಶ್ರಣ ತುಂಬಿಸಿ.

ನನ್ನ ಮಿಶ್ರಣ: ಎರಡು ಪಾಲು ತೊಳೆದ ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೆಮ್ಮಣ್ಣು, ಜೊತೆಗೆ ಒಂದೆರಡು ಹಿಡಿ ಬೇವಿನ ಹಿಂಡಿ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿದ ಮೊದಲ ನೀರನ್ನು ಚೆಲ್ಲಿಬಿಡಿ, ಅದರಲ್ಲಿ ಉಪ್ಪಿರುತ್ತದೆ. ಈ ಮಿಶ್ರಣ ವರ್ಷಕ್ಕೆ ಮೂರ್ನಾಲ್ಕು ಇಂಚು ಕುಸಿಯುತ್ತದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೇಲಿನಿಂದ ಗೊಬ್ಬರ ತುಂಬಿಸಿ ಸರಿ ಮಾಡುತ್ತೇನೆ.

ಎತ್ತರದ ಕುಂಡದಲ್ಲಿ ಸಣ್ಣ ಹೂಗಿಡವಷ್ಟೇ ಬೇಕಿದ್ದರೆ ಇಡೀ ಕುಂಡಕ್ಕೆ ಮಣ್ಣು ಯಾಕೆ? ತಳದಲ್ಲಿ ಎರಡು ಇಟ್ಟಿಗೆ ಇಡಿ, ಗಾಳಿಗೆ ಬೀಳದಿರಲು ಅಷ್ಟು ಭಾರ ಬೇಕು. ಅದರ ಮೇಲೆ ಹಳೆಯ ಪ್ಲಾಸ್ಟಿಕ್ ಕುಂಡವೊಂದನ್ನು ಬೋರಲು ಹಾಕಿ. ಅದರ ಮೇಲೆ ಗಿಡವಿರುವ ಚಿಕ್ಕ ಕುಂಡ ಕೂರಿಸಿ. ಹೊರಗಿನಿಂದ ಒಂದೇ ಕುಂಡದ ಹಾಗೆ ಕಾಣುತ್ತದೆ. ಶ್ರಾವಣಕ್ಕೆ ಸೇವಂತಿಗೆ, ಬೇಸಿಗೆಗೆ ಇನ್ನೊಂದು, ಬದಲಿಸುವುದೂ ಸಲೀಸು.

ಕುಂಡದ ಕೆಳಗೆ ಮೂರು ಕಡೆ ಇಟ್ಟಿಗೆ ತುಂಡು ಕೊಟ್ಟು ಎರಡು ಇಂಚು ಎತ್ತರಿಸಿ. ತಾರಸಿಯ ನೆಲ ಒಣಗುತ್ತದೆ, ವಾಟರ್‌ಪ್ರೂಫಿಂಗ್ ಉಳಿಯುತ್ತದೆ, ತೂತು ಕಟ್ಟಿಕೊಂಡಿದೆಯಾ ಎಂದು ಬಗ್ಗಿ ನೋಡಬಹುದು. ಮಂಗಳೂರು, ಉಡುಪಿಯ ಮಳೆಗೆ ಇದಿಲ್ಲದೆ ಆಗುವುದೇ ಇಲ್ಲ. ಕೆಳಗೆ ತಟ್ಟೆ ಇಟ್ಟಿದ್ದರೆ ವಾರಕ್ಕೊಮ್ಮೆ ತಪ್ಪದೆ ನೀರು ಚೆಲ್ಲಿ. ಡೆಂಗಿ ಸೊಳ್ಳೆಗೆ ಮೊಟ್ಟೆ ಇಡಲು ಅಷ್ಟು ನೀರು ಸಾಕು.

ಆರೈಕೆ ಮತ್ತು ರಿಪೇರಿ

ದಿನನಿತ್ಯದ ಆರೈಕೆ ಅಂತ ಹೆಚ್ಚೇನಿಲ್ಲ. ತಿಂಗಳಿಗೊಮ್ಮೆ ಮೆತ್ತನೆಯ ಬಟ್ಟೆ, ಸೋಪಿನ ನೀರು. ಸ್ಟೀಲ್ ಜುಂಗು, ಸಬೀನಾ ಥರದ ಪುಡಿ ಹತ್ತಿರವೂ ಬೇಡ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ವಿನೆಗರ್ ನೀರಿನಲ್ಲಿ ಅದ್ದಿದ ಬಟ್ಟೆ ಐದು ನಿಮಿಷ ಹೊದಿಸಿ ಒರೆಸಿ. ವರ್ಷಕ್ಕೊಮ್ಮೆ, ಬೇಸಿಗೆ ಶುರುವಾಗುವ ಮುಂಚೆ, ಕಾರಿಗೆ ಹಚ್ಚುವ ವ್ಯಾಕ್ಸ್ ಹಚ್ಚಿ ಉಜ್ಜಿ. ಬಿಸಿಲಿಗೆ ಬಣ್ಣ ಮಾಸುವುದು ನಿಧಾನವಾಗುತ್ತದೆ. ಕೈಗೆ ಸೀಮೆಸುಣ್ಣದಂಥ ಪುಡಿ ಅಂಟತೊಡಗಿದರೆ ಜೆಲ್‌ಕೋಟ್ ಸವೆಯುತ್ತಿದೆ ಅಂತ ಗೊತ್ತಾಗುತ್ತದೆ. ಆಗ ಕಾರಿನ ಪಾಲಿಶ್ ಹಾಕಿ ಉಜ್ಜಿ, ಆಮೇಲೆ ವ್ಯಾಕ್ಸ್.

ಸರಿಸುವಾಗ ಬಾಯಿಯ ಅಂಚು ಹಿಡಿದು ಎಳೆಯಬೇಡಿ. ಫೈಬರ್ ಕುಂಡ ಹಾಳಾಗುವುದರಲ್ಲಿ ಇದೇ ದೊಡ್ಡ ಕಾರಣ. ತಳಕ್ಕೆ ಕೈ ಕೊಟ್ಟು ಎತ್ತಿ, ಇಲ್ಲವೇ ಚಕ್ರದ ಮಣೆಯ ಮೇಲೆ ಕೂರಿಸಿ ತಳ್ಳಿ.

ಹೊರಗೆ ಕೂದಲೆಳೆಯಷ್ಟು ಬಿರುಕು ಕಂಡರೆ ಗಾಬರಿಯಾಗಬೇಡಿ. ಬಹಳ ಸಲ ಅದು ಜೆಲ್‌ಕೋಟಿನಲ್ಲಿ ಮಾತ್ರ ಇರುತ್ತದೆ. ಒಳಗಿನವರೆಗೂ ಬಿಟ್ಟಿದ್ದರೆ ನೀರು ಜಿನುಗುತ್ತದೆ. ಆಗ ಕುಂಡ ಖಾಲಿ ಮಾಡಿ, ಪೂರ್ತಿ ಒಣಗಿಸಿ, ಒಳಗಿನಿಂದ ರಿಪೇರಿ ಮಾಡಬೇಕು. ಬಿರುಕಿನ ಸುತ್ತ ಒಂದು ಗೇಣು ಉಪ್ಪುಕಾಗದದಿಂದ ಉಜ್ಜಿ ಧೂಳು ಒರೆಸಿ. ಗಾಜಿನ ನಾರಿನ ಚಾಪೆಯ ಎರಡು ತುಂಡು ಕತ್ತರಿಸಿಕೊಳ್ಳಿ. ರೆಸಿನ್‌ಗೆ ಅದರ ಜೊತೆ ಕೊಡುವ ಹಾರ್ಡನರ್ ನೂರಕ್ಕೆ ಒಂದರಿಂದ ಎರಡು ಪಾಲು ಬೆರೆಸಿ, ಬ್ರಷ್ಷಿನಿಂದ ಬಳಿದು ಚಾಪೆ ಕೂರಿಸಿ, ಮೇಲೆ ಮತ್ತೆ ಬಳಿಯಿರಿ. ಸ್ವಲ್ಪ ಹೊತ್ತಿಗೇ ಬಿಗಿಯಲು ಶುರುವಾಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿ. ತೆರೆದ ಜಾಗದಲ್ಲಿ ಮಾಡಿ, ವಾಸನೆ ಘಾಟು. ಕೈಗವಸು, ಕನ್ನಡಕ ಮರೆಯಬೇಡಿ, ಆ ಹಾರ್ಡನರ್ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ನಿಮಗೆ ಧೈರ್ಯ ಬರದಿದ್ದರೆ ಕರಾವಳಿಯಲ್ಲಿ ದೋಣಿ ರಿಪೇರಿ ಮಾಡುವವರಿಗೆ, ಉಳಿದ ಕಡೆ ಫೈಬರ್ ಕೆಲಸದವರಿಗೆ ಕೊಡಿ. ಅವರಿಗೆ ಇದು ಅರ್ಧ ಗಂಟೆಯ ಕೆಲಸ.

ಒಂದು ಕೊರತೆ ಹೇಳಲೇಬೇಕು. ಒಡೆದ ಮಣ್ಣಿನ ಕುಂಡ ಪುಡಿಯಾಗಿ ಮಣ್ಣಿಗೆ ಸೇರುತ್ತದೆ. ಪ್ಲಾಸ್ಟಿಕ್ಕನ್ನು ಕರಗಿಸಬಹುದು. ಫೈಬರನ್ನು ಕರಗಿಸಲು ಬರುವುದಿಲ್ಲ, ಒಮ್ಮೆ ಬಿಗಿದ ರೆಸಿನ್ ಮತ್ತೆ ದ್ರವವಾಗುವುದಿಲ್ಲ. ಹಳೆಯದನ್ನು ಸುಡುವುದಂತೂ ಬೇಡ, ಹೊಗೆ ವಿಷ. ಹಾಗಾಗಿ ಬೇಕಾದಷ್ಟೇ ಕೊಳ್ಳಿ, ಕೊಂಡದ್ದನ್ನು ರಿಪೇರಿ ಮಾಡುತ್ತ ಬಳಸಿ. ಸಂಪಿಗೆಗಾಗಿ ಕೊಯ್ಯಿಸಿದೆ ಅಂದೆನಲ್ಲ, ಆ ಕುಂಡದ ಕೆಳಗಿನ ಅರ್ಧದ ಅಂಚು ಉಜ್ಜಿ ರೆಸಿನ್ ಬಳಿಸಿಟ್ಟಿದ್ದೇನೆ. ಈಗ ಅದರಲ್ಲಿ ಒಂದೆಲಗ ಹಬ್ಬಿದೆ.